ಲೆಕ್ಕದ ಬುಡ ಅಲ್ಲಾಡಿಸಿದ ಡಾಕ್ಟರ್: ಜೇಮ್ಸ್ ಮೆಕ್ಯೂನ್ ಸ್ಮಿತ್

1840ರ ಅಮೆರಿಕದ ಜನಗಣತಿಯಲ್ಲಿ ಒಂದು ಹೊಸ ಪ್ರಶ್ನೆ ಸೇರಿತ್ತು. ಮನೆಯಲ್ಲಿ ಹುಚ್ಚು ಹಿಡಿದವರು, ಬುದ್ಧಿ ಬೆಳೆಯದವರು ಯಾರಾದರೂ ಇದ್ದಾರಾ? ಸರಕಾರ ಇಂಥವರನ್ನು ಎಣಿಸಿದ್ದು ಅದೇ ಮೊದಲು. ಎರಡು ವರ್ಷದೊಳಗೆ ಅಂಕಿಗಳು ಜನರ ಕೈಗೆ ಸಿಕ್ಕವು. ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳಲ್ಲಿ ಪ್ರತಿ 1,558 ಕಪ್ಪು ಜನರಲ್ಲಿ ಒಬ್ಬರಿಗೆ ಬುದ್ಧಿಯ ತೊಂದರೆ. ಗುಲಾಮಗಿರಿ ಇಲ್ಲದ ಉತ್ತರದಲ್ಲಿ ಪ್ರತಿ 144 ಚಿಲ್ಲರೆ ಜನರಲ್ಲಿ ಒಬ್ಬರಿಗೆ. ಅಂದರೆ ಹತ್ತು ಪಟ್ಟಿಗಿಂತ ಜಾಸ್ತಿ. ಬಿಳಿಯರಲ್ಲಿ ಮಾತ್ರ ಎರಡೂ ಕಡೆ ಲೆಕ್ಕ ಹೆಚ್ಚುಕಮ್ಮಿ ಒಂದೇ.

ಗುಲಾಮಗಿರಿ ಬೇಕು ಅನ್ನುವವರಿಗೆ ಇದಕ್ಕಿಂತ ಇನ್ನೇನು ಬೇಕು? ಕಪ್ಪು ಜನರಿಗೆ ಸ್ವಾತಂತ್ರ್ಯ ಒಗ್ಗುವುದಿಲ್ಲ, ಬಿಡುಗಡೆ ಸಿಕ್ಕರೆ ತಲೆ ಕೆಡುತ್ತದೆ ಅಂತ ಪತ್ರಿಕೆಗಳಲ್ಲಿ ಬಂತು, ಸಂಸತ್ತಿನಲ್ಲಿ ಮಾತಾಯಿತು. ಸರಕಾರದ ಮೊಹರು ಬಿದ್ದ ಲೆಕ್ಕ ಬೇರೆ. ಎದುರು ಮಾತಾಡುವುದು ಹೇಗೆ?

ಎದುರು ನಿಂತವರಲ್ಲಿ ಒಬ್ಬರು ನ್ಯೂಯಾರ್ಕಿನ ಒಬ್ಬ ಡಾಕ್ಟರ್. ಹುಟ್ಟಿದ್ದು ಗುಲಾಮ ತಾಯಿಯ ಹೊಟ್ಟೆಯಲ್ಲಿ. ಹೆಸರು ಜೇಮ್ಸ್ ಮೆಕ್ಯೂನ್ ಸ್ಮಿತ್. ಗುಲಾಮಗಿರಿಯ ವಿರುದ್ಧ ಹೋರಾಡಿದವರಲ್ಲಿ ಫ್ರೆಡರಿಕ್ ಡಗ್ಲಸ್ ಹೆಸರು ಎಲ್ಲರಿಗೂ ಗೊತ್ತು. ಆ ಡಗ್ಲಸ್ ಗೌರವದಿಂದ ಜೊತೆಗಿಟ್ಟುಕೊಂಡಿದ್ದ ಸ್ಮಿತ್ ಹೆಸರು ಸುಮಾರು ನೂರು ವರ್ಷ ಮರೆತೇ ಹೋಗಿತ್ತು. ಸ್ಮಿತ್ ವೈದ್ಯರೂ ಹೌದು, ಹೋರಾಟಗಾರರೂ ಹೌದು ಅಂತ ಎರಡು ಬೇರೆ ಬೇರೆ ಕೆಲಸದ ಹಾಗೆ ಹೇಳುವುದುಂಟು. ನನಗೆ ಅದು ಸರಿ ಕಾಣುವುದಿಲ್ಲ. ರೋಗಿಯ ಬಗ್ಗೆ ಯಾರೋ ಹೇಳಿದ್ದನ್ನು ನಂಬದೆ ತಾನೇ ಕೈಯಿಟ್ಟು ನೋಡುವ ಅಭ್ಯಾಸವನ್ನೇ ಅವರು ಸಮಾಜದ ಮೇಲೂ, ಸರಕಾರದ ಲೆಕ್ಕಗಳ ಮೇಲೂ ಪ್ರಯೋಗಿಸಿದರು.

ಸ್ಮಿತ್ ಹುಟ್ಟಿದ್ದು 1813ರ ಏಪ್ರಿಲ್ 18ರಂದು, ನ್ಯೂಯಾರ್ಕ್ ನಗರದಲ್ಲಿ. ತಾಯಿ ಲವಿನಿಯಾ. ತಂದೆ ಬಿಳಿಯ ಅನ್ನುತ್ತಾರೆ. ಗುಲಾಮಗಿರಿ ಅಂದರೆ ದಕ್ಷಿಣದ ಹತ್ತಿ ತೋಟಗಳೇ ಕಣ್ಣ ಮುಂದೆ ಬರುತ್ತವೆ. ಆದರೆ ಆಗ ನ್ಯೂಯಾರ್ಕಿನಲ್ಲೂ ಗುಲಾಮರಿದ್ದರು. ಅಲ್ಲಿ ಅದು ಹಂತಹಂತವಾಗಿ ಕರಗಿ, ಪೂರ್ತಿ ಮುಗಿದದ್ದು 1827ರ ಜುಲೈ 4ರಂದು. ಆಗ ಹುಡುಗನಿಗೆ 14 ವರ್ಷ.

ಅವನು ಓದಿದ್ದು ಮಲ್ಬೆರಿ ಬೀದಿಯ ಆಫ್ರಿಕನ್ ಫ್ರೀ ಸ್ಕೂಲಿನಲ್ಲಿ. ಕಪ್ಪು ಮಕ್ಕಳಿಗಾಗಿಯೇ ಇದ್ದ ಆ ಶಾಲೆಯಿಂದ ಎಂಥೆಂಥವರು ಹೊರಬಂದರು ನೋಡಿ. ಯುರೋಪಿನಲ್ಲಿ ಶೇಕ್ಸ್‌ಪಿಯರ್ ನಾಟಕಗಳಲ್ಲಿ ಹೆಸರು ಮಾಡಿದ ನಟ ಐರಾ ಆಲ್ಡ್ರಿಜ್, ಪಾದ್ರಿ ಮತ್ತು ಹೋರಾಟಗಾರ ಹೆನ್ರಿ ಹೈಲ್ಯಾಂಡ್ ಗಾರ್ನೆಟ್, ವಿದ್ವಾಂಸ ಅಲೆಕ್ಸಾಂಡರ್ ಕ್ರಮೆಲ್. 1824ರಲ್ಲಿ ಫ್ರಾನ್ಸಿನ ಜನರಲ್ ಲಫಾಯೆತ್ ಆ ಶಾಲೆಗೆ ಬಂದಾಗ ಎದ್ದು ನಿಂತು ಸ್ವಾಗತ ಭಾಷಣ ಮಾಡಿದ್ದು 11 ವರ್ಷದ ಸ್ಮಿತ್.

ಶಾಲೆ ಮುಗಿದ ಮೇಲೆ ಕಮ್ಮಾರನ ಹತ್ತಿರ ಕೆಲಸ. ಒಂದು ಕೈಯಲ್ಲಿ ತಿದಿಯ ಹಿಡಿ, ಇನ್ನೊಂದು ಕೈಯಲ್ಲಿ ಲ್ಯಾಟಿನ್ ವ್ಯಾಕರಣ ಹಿಡಿದುಕೊಂಡು ಕುಲುಮೆ ಮುಂದೆ ನಿಂತಿರುತ್ತಿದ್ದ ಸ್ಮಿತ್‌ನನ್ನು ಗಾರ್ನೆಟ್ ಮುಂದೆ ನೆನಪಿಸಿಕೊಂಡಿದ್ದಾರೆ. ಸೇಂಟ್ ಫಿಲಿಪ್ಸ್ ಚರ್ಚಿನ ಪಾದ್ರಿ ಪೀಟರ್ ವಿಲಿಯಮ್ಸ್ ಅವನಿಗೆ ಮುಂದಿನ ಓದಿಗೆ ಒತ್ತಾಸೆಯಾದರು. ಕೊಲಂಬಿಯಾ ಕಾಲೇಜಿಗೆ ಅರ್ಜಿ ಹಾಕಿದ. ಜಿನೀವಾ ವೈದ್ಯಕೀಯ ಕಾಲೇಜಿಗೂ ಹಾಕಿದ. ಎರಡೂ ಕಡೆ ಚರ್ಮದ ಬಣ್ಣ ನೋಡಿ ಬಾಗಿಲು ಹಾಕಿದರು. ಕೊನೆಗೆ ಗುಲಾಮಗಿರಿ ವಿರೋಧಿಗಳು ದುಡ್ಡು ಹೊಂದಿಸಿ, 1832ರಲ್ಲಿ ಅವನನ್ನು ಹಡಗು ಹತ್ತಿಸಿದರು. ಹೋದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ.

ಗ್ಲಾಸ್ಗೋದಲ್ಲಿ ಐದು ವರ್ಷ. 1835ರಲ್ಲಿ ಬಿಎ, 1836ರಲ್ಲಿ ಎಂಎ, 1837ರಲ್ಲಿ ಎಂಡಿ. ವೈದ್ಯಕೀಯ ಪದವಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅಂತ ಅವರನ್ನು ಗುರುತಿಸುವುದು ಇದರಿಂದಲೇ. ಆದರೆ ಪದವಿಗಿಂತ ನನಗೆ ಮುಖ್ಯ ಅನ್ನಿಸುವುದು ಅಲ್ಲಿನ ಲಾಕ್ ಆಸ್ಪತ್ರೆಯಲ್ಲಿ ಅವರು ಮಾಡಿದ ಕೆಲಸ. ಅದು ಗುಪ್ತರೋಗ ಬಂದ ಬಡ ಹೆಂಗಸರ ಆಸ್ಪತ್ರೆ. ಅಲ್ಲಿನ ಹಿರಿಯ ವೈದ್ಯರೊಬ್ಬರು ಗೊನೊರಿಯಾಕ್ಕೆ ಸಿಲ್ವರ್ ನೈಟ್ರೇಟ್ ಬಳಸಿ ಹೊಸ ಚಿಕಿತ್ಸೆ ಮಾಡುತ್ತಿದ್ದರು. ಅದು ಸುಡುವ ರಾಸಾಯನಿಕ. ಸ್ಮಿತ್ ಆಗಿನ್ನೂ ಇಪ್ಪತ್ತನಾಲ್ಕರ ಹುಡುಗ, ಪರದೇಶದವನು, ಕಪ್ಪು ಮೈಯವನು. ಆದರೂ ಈ ಚಿಕಿತ್ಸೆಯನ್ನು ಪ್ರಶ್ನಿಸಿ 1837ರಲ್ಲಿ ಲಂಡನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ದೊಡ್ಡವರು ಹೇಳಿದ್ದಾರೆ ಅಂತ ಒಪ್ಪಿಕೊಳ್ಳುವ ಜಾಯಮಾನ ಅವರದ್ದಲ್ಲ ಅಂತ ಅಲ್ಲೇ ಗೊತ್ತಾಯಿತು.

ಸ್ವಲ್ಪ ದಿನ ಪ್ಯಾರಿಸ್ಸಿನಲ್ಲಿ ಅನುಭವ ಪಡೆದು ವಾಪಸ್ ಹೊರಟರು. ಡಾಕ್ಟರ್ ಆಗಿ ಊರಿಗೆ ಹೊರಟವರನ್ನು ಒಬ್ಬ ಅಮೆರಿಕನ್ ಕ್ಯಾಪ್ಟನ್ ತನ್ನ ಹಡಗಿಗೆ ಹತ್ತಿಸಿಕೊಳ್ಳಲಿಲ್ಲ. ಬೇರೆ ದಾರಿ ಹುಡುಕಿಕೊಂಡು 1837ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಸೇರಿದರು. ಊರಿನ ಕಪ್ಪು ಜನ ಸಭೆ ಸೇರಿ ಸ್ವಾಗತಿಸಿದರು.

ವೆಸ್ಟ್ ಬ್ರಾಡ್‌ವೇಯಲ್ಲಿ ಸ್ಮಿತ್ ಕ್ಲಿನಿಕ್ ತೆರೆದರು, ಜೊತೆಗೆ ಒಂದು ಔಷಧಿ ಅಂಗಡಿ. ಅಮೆರಿಕದಲ್ಲಿ ಕಪ್ಪು ಮನುಷ್ಯನೊಬ್ಬ ನಡೆಸಿದ ಮೊದಲ ಔಷಧಿ ಅಂಗಡಿ ಅದು ಅನ್ನುತ್ತಾರೆ. ಬಿಳಿಯರೂ ಬರುತ್ತಿದ್ದರು, ಕಪ್ಪು ಜನರೂ ಬರುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಗೆಳೆಯರ ಬೈಠಕ್, ರಾಜಕೀಯದ ಚರ್ಚೆ.

ಬಂದ ವರ್ಷವೇ ಅವರು ಕೈಗೆತ್ತಿಕೊಂಡದ್ದು ಫ್ರೆನಾಲಜಿಯನ್ನು. ತಲೆಬುರುಡೆಯ ಉಬ್ಬುತಗ್ಗು ನೋಡಿ ಮನುಷ್ಯನ ಬುದ್ಧಿ, ಗುಣ ಹೇಳುತ್ತೇವೆ ಅನ್ನುವ ಶಾಸ್ತ್ರ ಅದು. ಆ ಕಾಲದಲ್ಲಿ ಅದರ ಹುಚ್ಚು ಎಷ್ಟಿತ್ತೆಂದರೆ ಓದಿದವರೂ ದುಡ್ಡು ಕೊಟ್ಟು ತಲೆ ತೋರಿಸುತ್ತಿದ್ದರು. ಆಫ್ರಿಕನ್ನರ ತಲೆಬುರುಡೆಯೇ ಕೀಳು ಅಂತ ಸಾರಲು ಅದು ಆಧಾರವೂ ಆಗಿತ್ತು. ಅಂಗರಚನೆ ಓದಿಕೊಂಡಿದ್ದ ಸ್ಮಿತ್ ಅದು ಪೊಳ್ಳು ಅಂತ ಸಾರ್ವಜನಿಕ ಉಪನ್ಯಾಸ ಕೊಟ್ಟರು.

ಈಗ ಜನಗಣತಿಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

1840ರಲ್ಲಿ ಈಗಿನ ಹಾಗೆ ಒಬ್ಬೊಬ್ಬರ ಹೆಸರನ್ನೂ ಬರೆದುಕೊಳ್ಳುತ್ತಿರಲಿಲ್ಲ. ಮನೆಯ ಯಜಮಾನನ ಹೆಸರು ಮಾತ್ರ. ಉಳಿದದ್ದೆಲ್ಲ ಕಾಲಂಗಳಲ್ಲಿ ಸಂಖ್ಯೆ. ಬಿಳಿ ಗಂಡಸರು ವಯಸ್ಸಿನ ಪ್ರಕಾರ, ಬಿಳಿ ಹೆಂಗಸರು ವಯಸ್ಸಿನ ಪ್ರಕಾರ, ಆಮೇಲೆ ಸ್ವತಂತ್ರ ಕಪ್ಪು ಜನ, ಆಮೇಲೆ ಗುಲಾಮರು, ಆಮೇಲೆ ಉದ್ಯೋಗ, ಕಿವುಡರು, ಮೂಗರು, ಕುರುಡರು, ಹುಚ್ಚರು. ಕೊನೆಯ ಈ ಗುಂಪು ಬಿಳಿಯರಿಗೊಂದು ಸಲ, ಕಪ್ಪು ಜನರಿಗೆ ಮತ್ತೊಂದು ಸಲ. ಎರಡರ ತಲೆಬರಹವೂ ಹೆಚ್ಚುಕಮ್ಮಿ ಒಂದೇ. ಹೀಗೆ ಹತ್ತಾರು ಕಾಲಂಗಳು ಎರಡು ಪುಟದಗಲಕ್ಕೆ ಹರಡಿದ ಹಾಳೆ. ಎಣಿಸಲು ಬಂದವನು ಒಂದು ಅಂಕಿಯನ್ನು ಪಕ್ಕದ ಗುಂಪಿನ ಕಾಲಂನಲ್ಲಿ ಬರೆದುಬಿಟ್ಟರೆ ಬಿಳಿಯನೊಬ್ಬ ಕಾಗದದ ಮೇಲೆ ಕಪ್ಪಾಗಿಬಿಡುತ್ತಾನೆ.

ಈ ತಪ್ಪು ಎರಡೂ ದಿಕ್ಕಿಗೆ ಆಗಬಹುದು ಅಲ್ವಾ? ಹಾಗಾದರೆ ಸರಿಹೋಗಬೇಕಿತ್ತಲ್ಲ ಅಂತ ಕೇಳಬಹುದು. ಸರಿಹೋಗುವುದಿಲ್ಲ. ಕಾರಣ ಜನಸಂಖ್ಯೆ. ಒಂದು ಊರಿನಲ್ಲಿ ಹತ್ತು ಸಾವಿರ ಬಿಳಿಯರು, ಹತ್ತೇ ಜನ ಕಪ್ಪು ಜನ ಇದ್ದಾರೆ ಅಂದುಕೊಳ್ಳಿ. ಬಿಳಿಯರಲ್ಲಿ ಹತ್ತು ಜನರಿಗೆ ಹುಚ್ಚು. ಅದರಲ್ಲಿ ಇಬ್ಬರನ್ನು ತಪ್ಪಿ ಕಪ್ಪು ಜನರ ಕಾಲಂಗೆ ಹಾಕಿದರು. ಬಿಳಿಯರ ಲೆಕ್ಕ ಸಾವಿರಕ್ಕೆ ಒಬ್ಬರಿದ್ದದ್ದು 1,250ಕ್ಕೆ ಒಬ್ಬರಾಗುತ್ತದೆ. ಯಾರೂ ಗಮನಿಸುವುದಿಲ್ಲ. ಆದರೆ ಕಪ್ಪು ಜನರ ಲೆಕ್ಕ ಸೊನ್ನೆಯಿಂದ ಐವರಿಗೆ ಒಬ್ಬರಿಗೆ ಜಿಗಿಯುತ್ತದೆ. ಒಂದು ಹಿಡಿ ಉಪ್ಪು ಕೆರೆಗೆ ಬಿದ್ದರೆ ಗೊತ್ತೇ ಆಗುವುದಿಲ್ಲ, ಲೋಟಕ್ಕೆ ಬಿದ್ದರೆ ನೀರು ಬಾಯಿಗಿಡಲಾಗದು.

ಉತ್ತರದ ಬಹಳಷ್ಟು ಊರುಗಳು ಇಂಥವೇ. ಬಿಳಿಯರು ಸಾವಿರಗಟ್ಟಲೆ, ಕಪ್ಪು ಜನ ಬೆರಳೆಣಿಕೆಯಷ್ಟು. ದಕ್ಷಿಣದಲ್ಲಿ ಹಾಗಲ್ಲ, ಅಲ್ಲಿ ಎರಡೂ ಕಡೆ ಲಕ್ಷಗಟ್ಟಲೆ ಜನ. ಅದಕ್ಕೇ ಒಂದೇ ಬಗೆಯ ತಪ್ಪು ಉತ್ತರದಲ್ಲಿ ಮಾತ್ರ ಭೂತದ ಹಾಗೆ ಬೆಳೆದು ನಿಂತಿತು. ಜೊತೆಗೆ ಇನ್ನೊಂದು ವಿಷಯ. ತನ್ನ ಗುಲಾಮನಿಗೆ ತಲೆ ಕೆಟ್ಟಿದೆ ಅಂತ ಎಣಿಕೆದಾರನಿಗೆ ಹೇಳಬೇಕಾದವನು ಯಜಮಾನ. ಹೇಳಿಕೊಂಡು ಅವನಿಗೇನು ಲಾಭ?

ಊರೂರಿನ ಅಂಕಿ ತೆಗೆದರೆ ಈ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಮೇನ್ ರಾಜ್ಯದಲ್ಲಿ 14 ಕಪ್ಪು ಜನರಿಗೆ ಒಬ್ಬರಂತೆ ಹುಚ್ಚರು ಅಂತ ಲೆಕ್ಕ ಬಂದಿತ್ತು. ಅದೇ ರಾಜ್ಯದ ಸ್ಕಾರ್ಬರೋ ಊರಿನಲ್ಲಿ ಕಪ್ಪು ಜನರ ಸಂಖ್ಯೆ ಸೊನ್ನೆ, ಅವರಲ್ಲಿ ಹುಚ್ಚರು ಆರು. ಲಿಮೆರಿಕ್ ಊರಿನಲ್ಲಿ ಕಪ್ಪು ಜನ ಸೊನ್ನೆ, ಹುಚ್ಚರು ನಾಲ್ಕು. ಮ್ಯಾಸಚೂಸೆಟ್ಸ್‌ನ ವೂಸ್ಟರ್ ಪಟ್ಟಣದಲ್ಲಿ ಕಪ್ಪು ಜನ 151, ಅದರಲ್ಲಿ 133 ಜನ ಹುಚ್ಚರು! ಆ 133 ಜನ ಯಾರು? ಆ ಪಟ್ಟಣದ ಸರಕಾರಿ ಮಾನಸಿಕ ಆಸ್ಪತ್ರೆಯಲ್ಲಿದ್ದ ಬಿಳಿಯ ರೋಗಿಗಳು. ಇಡೀ ಆಸ್ಪತ್ರೆಯನ್ನೇ ತಪ್ಪು ಕಾಲಂಗೆ ಇಳಿಸಿದ್ದರು.

ಇದನ್ನು ಮೊದಲು ಹಿಡಿದವರು ಮ್ಯಾಸಚೂಸೆಟ್ಸ್‌ನ ಬಿಳಿಯ ವೈದ್ಯ ಎಡ್ವರ್ಡ್ ಜಾರ್ವಿಸ್. ಅವರೂ 1842ರಲ್ಲಿ ಮೊದಲು ಅಂಕಿಗಳನ್ನು ನಂಬಿ, ಗುಲಾಮರಿಗೆ ಚಿಂತೆ ಕಡಿಮೆ ಇರಬಹುದೇನೋ ಅಂತ ವಿವರಣೆ ಬರೆದಿದ್ದರು. ಆಮೇಲೆ ಊರೂರಿನ ಪಟ್ಟಿ ನೋಡಿ, ಅದೇ ವರ್ಷ ತಮ್ಮ ಮಾತು ವಾಪಸ್ ಪಡೆದರು. ಅಲ್ಲಿಂದ ವರ್ಷಗಟ್ಟಲೆ ಈ ಲೆಕ್ಕ ತಿದ್ದಿ ಅಂತ ಸರಕಾರದ ಬೆನ್ನು ಹತ್ತಿದರು. ಆಗಷ್ಟೇ ಹುಟ್ಟಿದ್ದ ಅಮೆರಿಕನ್ ಸ್ಟಾಟಿಸ್ಟಿಕಲ್ ಅಸೋಸಿಯೇಷನ್ ಕೂಡ ಸಂಸತ್ತಿಗೆ ದೂರು ಕೊಟ್ಟಿತು.

ಸ್ಮಿತ್ 1844ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಗೆ ಬರೆದರು. ಸೊನ್ನೆ ಜನರಿರುವ ಊರಿನಲ್ಲಿ ಹುಚ್ಚರು ಹೇಗೆ ಇರುತ್ತಾರೆ ಅಂತ ಕೇಳಿ ಸುಮ್ಮನಾಗಲಿಲ್ಲ. ಜನಗಣತಿಯಲ್ಲೇ ಇದ್ದ ಬೇರೆ ಕಾಲಂಗಳನ್ನು, ಮುಖ್ಯವಾಗಿ ವಯಸ್ಸಿನ ಲೆಕ್ಕವನ್ನು, ಎಳೆದು ತಂದರು. ಉತ್ತರದಲ್ಲಿ ಕಪ್ಪು ಜನ ಹೆಚ್ಚು ವರ್ಷ ಬಾಳುತ್ತಿದ್ದಾರೆ ಅಂತ ಅದೇ ಸರಕಾರಿ ಪುಸ್ತಕದಿಂದ ತೋರಿಸಿದರು. ಸ್ವಾತಂತ್ರ್ಯ ಮೈಗೆ ಒಗ್ಗದಿದ್ದರೆ ಇದು ಹೇಗೆ ಸಾಧ್ಯ? "ಸ್ವಾತಂತ್ರ್ಯ ನಮಗೆ ಹುಚ್ಚು ಹಿಡಿಸಿಲ್ಲ" ಅಂತ ಬರೆದರು. ನಮ್ಮ ಕಾಲ ಮೇಲೆ ನಾವೇ ನಿಲ್ಲುವಂತೆ ಮಾಡಿ ಅದು ನಮ್ಮ ಬುದ್ಧಿಯನ್ನು ಗಟ್ಟಿ ಮಾಡಿದೆ ಅಂತಲೂ ಸೇರಿಸಿದರು. ನ್ಯೂಯಾರ್ಕಿನ ಕಪ್ಪು ನಾಗರಿಕರ ಪರವಾಗಿ ಸೆನೆಟ್‌ಗೂ ಮನವಿ ಹೋಯಿತು.

ಆಗ ವಿದೇಶಾಂಗ ಮಂತ್ರಿಯಾಗಿದ್ದವರು ದಕ್ಷಿಣ ಕ್ಯಾರೊಲೈನಾದ ಜಾನ್ ಕ್ಯಾಲ್‌ಹೂನ್, ಗುಲಾಮಗಿರಿಯ ಕಟ್ಟಾ ಬೆಂಬಲಿಗ. 1844ರ ಏಪ್ರಿಲಿನಲ್ಲಿ ಅವರು ಬ್ರಿಟಿಷ್ ರಾಯಭಾರಿ ಪ್ಯಾಕೆನ್‌ಹ್ಯಾಮ್‌ಗೆ ಪತ್ರ ಬರೆದು, ಟೆಕ್ಸಸ್ಸನ್ನು ಗುಲಾಮಗಿರಿ ಸಮೇತ ಅಮೆರಿಕಕ್ಕೆ ಸೇರಿಸಿಕೊಳ್ಳುವುದು ಸರಿ ಅನ್ನಲು ಇವೇ ಅಂಕಿಗಳನ್ನು ಮುಂದಿಟ್ಟರು. ಜನಗಣತಿಯ ಇಲಾಖೆ ಇದ್ದದ್ದೂ ಅವರ ಕೈಕೆಳಗೇ. ತನಿಖೆ ಮಾಡಿ ಅಂತ ಸಂಸತ್ತಿನಲ್ಲಿ ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಪಟ್ಟು ಹಿಡಿದಾಗ, ಆ ಗಣತಿ ಮಾಡಿಸಿದ ಅಧಿಕಾರಿಗೇ ತನಿಖೆ ವಹಿಸಿದರು. ಏನೂ ದೊಡ್ಡ ತಪ್ಪಿಲ್ಲ ಅಂತ ವರದಿ ಬಂತು. ಆ ಅಂಕಿಗಳನ್ನು ಸರಕಾರ ಅಧಿಕೃತವಾಗಿ ತಿದ್ದಲೇ ಇಲ್ಲ.

1846ರಲ್ಲಿ ಸ್ಮಿತ್ ಇನ್ನೊಂದು ದೊಡ್ಡ ಪ್ರಬಂಧ ಬರೆದರು. ಹವಾಮಾನಕ್ಕೂ ಆಯುಸ್ಸಿಗೂ ಏನು ಸಂಬಂಧ, ಜೀವವಿಮೆಗೆ ಇದರಿಂದ ಏನು ತಿಳಿಯುತ್ತದೆ ಅನ್ನುವುದು ವಿಷಯ. ವಿಷಯ ಒಣ ಅನ್ನಿಸಬಹುದು. ಆದರೆ ಅದರ ಒಳಗಿದ್ದದ್ದು ಅದೇ ವಾದ: ಆಯುಸ್ಸು ನಿಂತಿರುವುದು ಬದುಕುವ ರೀತಿ ಮತ್ತು ಜಾಗದ ಮೇಲೆ, ಚರ್ಮದ ಬಣ್ಣದ ಮೇಲಲ್ಲ. ಈಗ ಆರೋಗ್ಯ ತಜ್ಞರು ದಿನಾ ಹೇಳುವ ಮಾತು. ಆಗ ಹೇಳುವುದಕ್ಕೆ ಧೈರ್ಯವೂ ಬೇಕಿತ್ತು, ಲೆಕ್ಕವೂ ಬರಬೇಕಿತ್ತು.

ಅದೇ 1846ರಲ್ಲಿ ಅವರು ಕಪ್ಪು ಮಕ್ಕಳ ಅನಾಥಾಲಯದ ವೈದ್ಯರಾದರು. ಕ್ವೇಕರ್ ಪಂಥದ ಹೆಂಗಸರು 1836ರಲ್ಲಿ ಕಟ್ಟಿದ ಸಂಸ್ಥೆ ಅದು. ಫಿಫ್ತ್ ಅವೆನ್ಯೂದ ಮೇಲೆ 43 ಮತ್ತು 44ನೇ ಬೀದಿಗಳ ನಡುವೆ ದೊಡ್ಡ ಕಟ್ಟಡ. ಸುಮಾರು ಇಪ್ಪತ್ತು ವರ್ಷ ಸ್ಮಿತ್ ಅಲ್ಲಿ ಮಕ್ಕಳನ್ನು ನೋಡಿಕೊಂಡರು. ದಡಾರ, ಸಿಡುಬು, ಕ್ಷಯ ಒಂದು ಮಗುವಿಗೆ ಬಂದರೆ ಇಡೀ ಕೋಣೆಗೆ ಹರಡುತ್ತಿದ್ದ ಕಾಲ. ಅವರ ಸ್ವಂತ ಮನೆಯಲ್ಲೂ ಹಲವು ಮಕ್ಕಳು ಎಳೆ ವಯಸ್ಸಿನಲ್ಲೇ ತೀರಿಕೊಂಡರು. ಹೆಂಡತಿ ಮಾಲ್ವಿನಾ ಬಾರ್ನೆಟ್ ಜೊತೆ ಪಡೆದ ಮಕ್ಕಳಲ್ಲಿ ದೊಡ್ಡವರಾಗಿ ಬೆಳೆದದ್ದು ಐದೇ ಜನ.

ಇಷ್ಟೆಲ್ಲ ಇದ್ದರೂ ಡಾಕ್ಟರುಗಳ ಸಂಘದೊಳಗೆ ಅವರಿಗೆ ಜಾಗ ಇರಲಿಲ್ಲ. 1844ರಲ್ಲಿ ಅವರ ಬರಹ ನ್ಯೂಯಾರ್ಕಿನ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಬರಹ ಬೇಕಾಯಿತು, ಬರೆದವನು ಪಕ್ಕದಲ್ಲಿ ಕೂರುವುದು ಬೇಡವಾಯಿತು. 1847ರಲ್ಲಿ ನ್ಯೂಯಾರ್ಕ್ ಅಕಾಡೆಮಿ ಆಫ್ ಮೆಡಿಸಿನ್‌ಗೆ ಅವರ ಹೆಸರು ಸೂಚಿಸಿದಾಗಲೂ ಸದಸ್ಯತ್ವ ಕೊಡಲಿಲ್ಲ.

ಮತದಾನದ ವಿಷಯವೂ ಹೀಗೇ. ನ್ಯೂಯಾರ್ಕ್ ರಾಜ್ಯ 1821ರಲ್ಲಿ ಒಂದು ನಿಯಮ ತಂದಿತ್ತು. ಕಪ್ಪು ಗಂಡಸರು ಮತ ಹಾಕಬೇಕಾದರೆ 250 ಡಾಲರ್ ಬೆಲೆಯ ಆಸ್ತಿ ಇರಬೇಕು. ಬಿಳಿಯರಿಗೆ ಈ ಷರತ್ತು ಇಲ್ಲ. ಗೆರಿಟ್ ಸ್ಮಿತ್ ಎಂಬ ಬಿಳಿಯ ಶ್ರೀಮಂತ 1846ರಲ್ಲಿ ಅಡಿರಾಂಡಕ್ ಬೆಟ್ಟಗಳಲ್ಲಿದ್ದ ತನ್ನ 1,20,000 ಎಕರೆ ಜಮೀನನ್ನು ಸುಮಾರು ಮೂರು ಸಾವಿರ ಕಪ್ಪು ಜನರಿಗೆ ಹಂಚಲು ಮುಂದಾದ. ನೆಲ ಸಿಕ್ಕರೆ ಅನ್ನವೂ ಆಯಿತು, ಮತವೂ ಆಯಿತು. ಯಾರಿಗೆ ಜಮೀನು ಕೊಡಬೇಕು ಅಂತ ನ್ಯೂಯಾರ್ಕಿನಲ್ಲಿ ಹುಡುಕಿ ಆರಿಸಿದವರಲ್ಲಿ ನಮ್ಮ ಡಾಕ್ಟರೂ ಒಬ್ಬರು. ಇಬ್ಬರು ಸ್ಮಿತ್‌ಗಳಿಗೆ ರಕ್ತಸಂಬಂಧ ಏನೂ ಇಲ್ಲ, ಗಾಢ ಸ್ನೇಹ ಇತ್ತು. ಚಳಿಯ ಬೆಟ್ಟದ ನೆಲ ಬೇಸಾಯಕ್ಕೆ ಬಹಳ ಕಷ್ಟದ್ದು. ಯೋಜನೆ ಅಂದುಕೊಂಡಷ್ಟು ಕೈಗೂಡಲಿಲ್ಲ.

1850ರಲ್ಲಿ ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಕಾನೂನು ಬಂತು. ಉತ್ತರದ ಬೀದಿಯಲ್ಲಿ ನಡೆಯುವ ಯಾವ ಕಪ್ಪು ಮನುಷ್ಯನನ್ನಾದರೂ ಇವನು ನನ್ನ ಗುಲಾಮ ಅಂತ ಎಳೆದೊಯ್ಯಬಹುದಾದ ಪರಿಸ್ಥಿತಿ. ನ್ಯೂಯಾರ್ಕಿನ ಕಪ್ಪು ಮುಖಂಡರು ಹದಿಮೂರು ಜನರ ಸಮಿತಿ ಮಾಡಿಕೊಂಡು ಎದುರು ನಿಂತರು. ಸ್ಮಿತ್ ಅದರಲ್ಲಿದ್ದರು. ಕಪ್ಪು ಜನರನ್ನೆಲ್ಲ ಆಫ್ರಿಕಾಕ್ಕೆ ಕಳಿಸಿಬಿಡೋಣ ಅನ್ನುವ ಯೋಜನೆಗಳನ್ನೂ ಅವರು ಕೊನೆಯವರೆಗೆ ವಿರೋಧಿಸಿದರು. ಇದು ನಾವು ಹುಟ್ಟಿದ ನೆಲ, ಬಿಟ್ಟು ಯಾಕೆ ಹೋಗಬೇಕು ಅನ್ನುವುದು ಅವರ ನಿಲುವು. 1855ರಲ್ಲಿ ಸಿರಾಕ್ಯೂಸ್‌ನಲ್ಲಿ, ಗುಲಾಮಗಿರಿ ಪೂರ್ತಿ ತೊಲಗಬೇಕು ಅನ್ನುವ ರ‍್ಯಾಡಿಕಲ್ ಅಬಾಲಿಷನ್ ಪಕ್ಷದ ಸಮಾವೇಶ ನಡೆದಾಗ ಅಧ್ಯಕ್ಷತೆ ವಹಿಸಿದ್ದು ಅವರೇ. ಅಮೆರಿಕದ ರಾಷ್ಟ್ರೀಯ ಪಕ್ಷವೊಂದರ ಸಮಾವೇಶಕ್ಕೆ ಕಪ್ಪು ಮನುಷ್ಯ ಅಧ್ಯಕ್ಷನಾದದ್ದು ಅದೇ ಮೊದಲು. ಅದೇ ವರ್ಷ ಡಗ್ಲಸ್ ತಮ್ಮ ಎರಡನೇ ಆತ್ಮಕಥೆಗೆ ಮುನ್ನುಡಿ ಬರೆಸಿಕೊಂಡದ್ದೂ ಸ್ಮಿತ್ ಕೈಯಿಂದಲೇ.

ಅವರ ಬರಹಗಳಲ್ಲಿ ನನಗೆ ತುಂಬ ಹಿಡಿಸುವುದು 1852ರಿಂದ 1854ರವರೆಗೆ ಡಗ್ಲಸ್ ಅವರ ಪತ್ರಿಕೆಗೆ 'ಕಮ್ಯೂನಿಪಾ' ಅನ್ನುವ ಹೆಸರಿನಲ್ಲಿ ಬರೆದ ವ್ಯಕ್ತಿಚಿತ್ರಗಳು. ಬಟ್ಟೆ ಒಗೆಯುವವಳು, ಬೂಟು ಪಾಲಿಶ್ ಮಾಡುವವನು, ಪತ್ರಿಕೆ ಮಾರುವವನು, ಚರ್ಚಿನ ಸ್ಮಶಾನದಲ್ಲಿ ಗುಂಡಿ ತೋಡುವವನು. ಓದಿದ ಕಪ್ಪು ಜನರಲ್ಲೇ ಕೆಲವರಿಗೆ ಇದು ಸರಿಬರಲಿಲ್ಲ. ನಮ್ಮಲ್ಲೂ ದೊಡ್ಡ ಮನುಷ್ಯರಿದ್ದಾರೆ, ಅವರನ್ನು ತೋರಿಸುವುದು ಬಿಟ್ಟು ಇವರನ್ನೇಕೆ ತೋರಿಸಬೇಕು ಅನ್ನುವುದು ಅವರ ತಕರಾರು. ಆದರೆ ಸ್ಮಿತ್ ಕಣ್ಣಿಗೆ ಜನಾಂಗದ ಮುಖ ಕಂಡದ್ದು ದುಡಿಯುವ ಇವರಲ್ಲೇ. ಒಟ್ಟು ಮೊತ್ತದ ಅಂಕಿಯನ್ನು ಒಡೆದು ಊರೂರಿನ ಲೆಕ್ಕಕ್ಕೆ ಇಳಿದವರು ಇಲ್ಲಿ 'ಕಪ್ಪು ಜನ' ಅನ್ನುವ ದೊಡ್ಡ ಗುಂಪನ್ನು ಒಡೆದು ಒಬ್ಬೊಬ್ಬರ ಹತ್ತಿರ ಹೋದರು.

1863ರ ಜುಲೈ 13. ಅಂತರ್ಯುದ್ಧ ನಡೆಯುತ್ತಿತ್ತು. ಕಡ್ಡಾಯ ಸೈನ್ಯಸೇವೆಯ ವಿರುದ್ಧ ನ್ಯೂಯಾರ್ಕಿನಲ್ಲಿ ಗಲಭೆ ಎದ್ದು, ಆ ಸಿಟ್ಟು ಕಪ್ಪು ಜನರ ಮೇಲೆ ತಿರುಗಿತು. ದೊಂಬಿ ಅನಾಥಾಲಯಕ್ಕೆ ನುಗ್ಗಿ, ದೋಚಿ, ಬೆಂಕಿ ಹಚ್ಚಿತು. ಒಳಗಿದ್ದ 233 ಮಕ್ಕಳನ್ನು ಸಿಬ್ಬಂದಿ ಹಿಂದಿನ ದಾರಿಯಿಂದ ಹೊರಡಿಸಿ ಪೊಲೀಸ್ ಠಾಣೆಗೆ ಮುಟ್ಟಿಸಿದರು. ಮಕ್ಕಳೆಲ್ಲ ಉಳಿದುಕೊಂಡರು. ಕಟ್ಟಡ ಬೂದಿಯಾಯಿತು. ಇದಾದ ಮೇಲೆ ಸ್ಮಿತ್ ಕುಟುಂಬ ಮ್ಯಾನ್‌ಹಟನ್ ಬಿಟ್ಟು ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗ್‌ಗೆ ಹೋಯಿತು. ಒಹಾಯೋದ ವಿಲ್ಬರ್‌ಫೋರ್ಸ್ ಕಾಲೇಜು ಅವರನ್ನು ಮಾನವಶಾಸ್ತ್ರದ ಪ್ರಾಧ್ಯಾಪಕರಾಗಿ ಕರೆದಿತ್ತು. ಆದರೆ ಹೃದಯದ ಕಾಯಿಲೆ ಜೋರಾಗಿತ್ತು, ಹೋಗಲಾಗಲಿಲ್ಲ. 1865ರ ನವೆಂಬರ್ 17ರಂದು, 52ನೇ ವಯಸ್ಸಿಗೆ ತೀರಿಕೊಂಡರು. ಅಮೆರಿಕದಲ್ಲಿ ಗುಲಾಮಗಿರಿಯನ್ನು ಪೂರ್ತಿ ತೆಗೆದುಹಾಕಿದ 13ನೇ ತಿದ್ದುಪಡಿ ಅಂಗೀಕಾರವಾದದ್ದು ಡಿಸೆಂಬರ್ 6ರಂದು.

ಇಂಥವರನ್ನು ಜನ ಮರೆತದ್ದು ಹೇಗೆ? ಒಂದು ಕಾರಣ, ಅವರು ಡಗ್ಲಸ್ ಹಾಗೆ ಊರೂರು ತಿರುಗಿ ಭಾಷಣ ಮಾಡಿದವರಲ್ಲ. ಕ್ಲಿನಿಕ್ ಬಿಟ್ಟು ಹೋಗುವಂತಿರಲಿಲ್ಲ. ಬರೆದದ್ದೆಲ್ಲ ಪತ್ರಿಕೆಗಳಲ್ಲಿ ಚದುರಿಹೋಗಿತ್ತು. ಇನ್ನೊಂದು ಕಾರಣ ಮನಸ್ಸಿಗೆ ನೋವಾಗುವಂಥದ್ದು. ಅವರ ಮಕ್ಕಳ ಮೈಬಣ್ಣ ತಿಳಿಯಾಗಿತ್ತು. ಮುಂದಿನ ತಲೆಮಾರುಗಳು ಬಿಳಿಯರೆಂದೇ ಬದುಕಿದವು. ಆಗಿನ ಅಮೆರಿಕದಲ್ಲಿ ಕೆಲಸ, ಮನೆ, ಶಾಲೆ ಎಲ್ಲವೂ ಬಣ್ಣದ ಮೇಲೆ ನಿಂತಿದ್ದಾಗ ಅವರನ್ನು ದೂರಲಾಗದು. ಆದರೆ ಬಿಳಿಯರಾಗಿ ಬದುಕಬೇಕಾದರೆ ಹೆಸರಾಂತ ಕಪ್ಪು ಅಜ್ಜನ ಸುದ್ದಿ ಎತ್ತುವಂತಿಲ್ಲ. ಹಾಗಾಗಿ ಮನೆಯಲ್ಲೇ ಅವರ ನೆನಪು ಅಳಿಸಿತು. ಸೈಪ್ರೆಸ್ ಹಿಲ್ಸ್ ಸ್ಮಶಾನದಲ್ಲಿ ಅವರ ಗೋರಿಗೆ ಹೆಸರಿನ ಕಲ್ಲು ಕೂಡ ಇರಲಿಲ್ಲ. ವಂಶದವರಿಗೆ ವಿಷಯ ಗೊತ್ತಾಗಿ, ಕಲ್ಲು ನೆಟ್ಟದ್ದು 2010ರಲ್ಲಿ.

2006ರಲ್ಲಿ ಇತಿಹಾಸಕಾರ ಜಾನ್ ಸ್ಟಾಫರ್ ಅವರ ಬರಹಗಳನ್ನು ಒಟ್ಟುಮಾಡಿ ಪುಸ್ತಕ ತಂದರು. 2018ರಲ್ಲಿ ನ್ಯೂಯಾರ್ಕ್ ಅಕಾಡೆಮಿ ಆಫ್ ಮೆಡಿಸಿನ್, ಬದುಕಿದ್ದಾಗ ಕೊಡದ ಸದಸ್ಯತ್ವವನ್ನು ಅವರಿಗೆ ಕೊಟ್ಟಿತು. ಗ್ಲಾಸ್ಗೋ ವಿಶ್ವವಿದ್ಯಾಲಯ 2021ರಲ್ಲಿ ತೆರೆದ ದೊಡ್ಡ ಕಲಿಕಾ ಕಟ್ಟಡಕ್ಕೆ ಅವರ ಹೆಸರಿಟ್ಟಿದೆ. ಅವರನ್ನು ಓದಬೇಕು ಅನ್ನಿಸಿದವರು 1844ರ ಟ್ರಿಬ್ಯೂನ್ ಪತ್ರಗಳಿಂದ ಶುರು ಮಾಡಬಹುದು. ಅಂಕಿಅಂಶದ ಮುಂದೆ ಗಾಬರಿಯಾಗುವವರಿಗೂ ಅವು ಅರ್ಥವಾಗುತ್ತವೆ. ಆಮೇಲೆ ಬಟ್ಟೆ ಒಗೆಯುವವಳ ಚಿತ್ರ ಓದಿ.